ಫ್ರೀಜ್ ಮಾಡಿಟ್ಟ ಭ್ರೂಣ: ಕ್ಲಿನಿಕ್ಕಿನ ಕಡತದಲ್ಲಿರುವ ನಂಬರು ಈಗಲೂ ನಿಮ್ಮದೇ?

ಮಂಗಳೂರಿನ ಕೊಡಿಯಾಲ್‌ಬೈಲ್‌ನ ಬಾಡಿಗೆ ಮನೆಯ ವಿಳಾಸ, ಗಂಡನ ದುಬೈ ನಂಬರು. ಏಳು ವರ್ಷದ ಹಿಂದೆ ಐವಿಎಫ್ ಕ್ಲಿನಿಕ್ಕಿನಲ್ಲಿ ಬರೆಸಿದ್ದು ಇಷ್ಟೇ ಎಂದಿಟ್ಟುಕೊಳ್ಳಿ. ಹುಟ್ಟಿದ ಮಗು ಈಗ ಶಾಲೆಗೆ ಹೋಗುತ್ತಿದೆ. ಮನೆ ಬದಲಾಗಿದೆ, ಸಿಮ್ ಬದಲಾಗಿದೆ. ಮಿಕ್ಕ ಭ್ರೂಣಗಳು ಮಾತ್ರ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹಾಗೆಯೇ ಇವೆ. ಅರ್ಧ ಸಂಸಾರ ಕೊಲ್ಲಿಯಲ್ಲಿ, ಅರ್ಧ ಊರಲ್ಲಿ ನಡೆಯುವ ನಮ್ಮ ಜಿಲ್ಲೆಯಲ್ಲಿ ಇದು ದೂರದ ಕಲ್ಪನೆಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿಯ ಒಪ್ಪಿಗೆ ಪತ್ರದಲ್ಲಿ ಐದು ವರ್ಷದ ಲೆಕ್ಕವಿತ್ತು. ಮುಂದುವರಿಸಬೇಕಿದ್ದರೆ ದಂಪತಿಯೇ ಆರು ತಿಂಗಳು ಮುಂಚೆ ತಿಳಿಸಬೇಕಿತ್ತು. ತಿಳಿಸದಿದ್ದರೆ ಬೇರೆಯವರಿಗೆ ಬಳಸುವುದೋ, ಸಂಶೋಧನೆಗೆ ಕೊಡುವುದೋ, ವಿಲೇವಾರಿ ಮಾಡುವುದೋ ಕ್ಲಿನಿಕ್ಕಿಗೆ ಬಿಟ್ಟದ್ದು. ಮೌನವೇ ಸಮ್ಮತಿಯಾಗಿತ್ತು.

2022ರ ಜನವರಿ 25ರಂದು ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ ಹಾಗೆ ಹೇಳುವುದಿಲ್ಲ. 28ನೇ ಸೆಕ್ಷನ್ ಪ್ರಕಾರ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಅವಧಿ ಮುಗಿದ ಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಅಥವಾ ನಿರ್ಧಾರ ಹೇಳಲಾಗದ ಸ್ಥಿತಿಗೆ ಬಂದರೆ ಏನು ಮಾಡಬೇಕೆಂದು ಲಿಖಿತ ಸೂಚನೆ ಪಡೆಯದೆ ಫ್ರೀಜ್ ಮಾಡುವುದನ್ನೇ 22ನೇ ಸೆಕ್ಷನ್ ತಡೆಯುತ್ತದೆ. ಭ್ರೂಣ ಗರ್ಭಕೋಶ ಸೇರುವ ಮೊದಲು ಗಂಡನಾಗಲಿ ಹೆಂಡತಿಯಾಗಲಿ ಒಪ್ಪಿಗೆ ಹಿಂಪಡೆಯಬಹುದು. ಗಂಡನ ಸಹಿಯೊಂದೇ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಹತ್ತು ವರ್ಷದ ಗಡುವು ಹೇಳುವ ಸೆಕ್ಷನ್, ಅದಕ್ಕೆ ಮೊದಲು ನಿಮಗೆ ಎಷ್ಟು ಸಲ ಫೋನ್ ಮಾಡಬೇಕು, ಪತ್ರ ಹಾಕಬೇಕು ಎಂದು ಹೇಳುವುದಿಲ್ಲ. ನನಗೆ ಅತಿ ಹೆಚ್ಚು ಆತಂಕ ತರುವುದು ಇದೇ. ಈ ಕೊರತೆಯನ್ನು ಸಹಿ ಹಾಕುವ ದಿನವೇ ತುಂಬಿಕೊಳ್ಳಬೇಕು. ಇಬ್ಬರ ಫೋನ್, ಇಮೇಲ್, ಊರಿನಲ್ಲೇ ಇರುವ ನಂಬಿಕಸ್ಥರೊಬ್ಬರ ನಂಬರು ಕೊಡಿ. ವಾರ್ಷಿಕ ಶುಲ್ಕ ಬಾಕಿಯಾದರೆ ಎಷ್ಟು ದಿನ ಕಾಯುತ್ತಾರೆ, ಯಾವ ರೀತಿಯಲ್ಲಿ ನೋಟಿಸ್ ಕೊಡುತ್ತಾರೆ ಎಂಬುದನ್ನು ಪತ್ರದಲ್ಲೇ ಬರೆಸಿ. ಇಂಗ್ಲಿಷ್ ಫಾರಂ ಅರ್ಥವಾಗದಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಲು ಕೇಳಿ. ಅರಿತು ಕೊಟ್ಟ ಒಪ್ಪಿಗೆಯೇ ಕಾನೂನಿನ ಒಪ್ಪಿಗೆ. ವಿಳಾಸ ಬದಲಾದಾಗ ರಿಸೆಪ್ಷನ್‌ನಲ್ಲಿ ಬಾಯಿಮಾತಿಗೆ ಹೇಳಿ ಬರಬೇಡಿ. ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಫ್ರೀಜ್ ಮಾಡಿದ ದಿನಾಂಕದ ದಾಖಲೆಯನ್ನಂತೂ ಜೋಪಾನವಾಗಿಡಿ. ಆ ದಿನಾಂಕವೇ ನಿಮ್ಮ ಹಕ್ಕನ್ನು ನಿರ್ಧರಿಸಬಹುದು. ಬಾಡಿಗೆ ತಾಯ್ತನದ ಕಾನೂನು ಬರುವ ಮೊದಲೇ ಭ್ರೂಣ ಫ್ರೀಜ್ ಮಾಡಿಸಿದ್ದ ದಂಪತಿಗೆ ಆ ಕಾನೂನಿನ ವಯೋಮಿತಿ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿತು.

ಕೊಲ್ಲಿಯಲ್ಲೇ ನೆಲೆಸಿದವರು ಭ್ರೂಣವನ್ನು ಅಲ್ಲಿಗೆ ಒಯ್ಯಬೇಕೆಂದರೆ ಸ್ವಂತ ಬಳಕೆಗೇ ಆದರೂ ಎಆರ್‌ಟಿ ಮತ್ತು ಬಾಡಿಗೆ ತಾಯ್ತನದ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು.

ತಿಳಿಸದೆಯೇ ವಿಲೇವಾರಿ ಮಾಡಿದರೆಂದು ಗೊತ್ತಾದರೆ ಮೊದಲು ಕ್ಲಿನಿಕ್ಕಿನ ಕುಂದುಕೊರತೆ ಘಟಕಕ್ಕೆ ಲಿಖಿತ ದೂರು ಕೊಡಿ. ಅಂಥ ಘಟಕ ಇರಲೇಬೇಕು. ಪರಿಹಾರ ಕೇಳಲು ಜಿಲ್ಲಾ ಗ್ರಾಹಕ ಆಯೋಗವಿದೆ, ಎರಡು ವರ್ಷದೊಳಗೆ ಹೋಗಬೇಕು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.