ಲ್ಯಾಪ್‌ಟಾಪಿಗೆ ಸಿ.ಡಿ. ಡ್ರೈವ್ ಇನ್ನೂ ಬೇಕೇ? ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಒಂದು ವಿವೇಚನೆ

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟ ವರ್ತಕ ಮಿತ್ರರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದರಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲವಲ್ಲ, ನಮ್ಮ ಹಳೆಯ ಲೆಕ್ಕಗಳ ಗತಿಯೇನು?" ಈ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಯಂತ್ರದಲ್ಲಿ ಡ್ರೈವ್ ಇರಬೇಕೇ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸುಲಭ. ಕಪಾಟಿನಲ್ಲಿರುವ ಹಳೆಯ ಡಿಸ್ಕ್‌ಗಳಲ್ಲಿ ಅಡಗಿರುವ ದಾಖಲೆಗಳನ್ನು ಏನು ಮಾಡಬೇಕು ಎಂಬುದು ಎರಡನೆಯದು. ವ್ಯಾಪಾರಿಯ ಹಣ, ಹಕ್ಕು, ಹೊಣೆಗಾರಿಕೆಗಳು ನಿಂತಿರುವುದು ಇದರ ಮೇಲೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಪರಿಶೀಲಿಸುವುದು ಉಚಿತ.

ಡ್ರೈವ್ ಮರೆಯಾದ ಬಗೆ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಸಂಗೀತದ ಸಾಧನವಾಗಿ ಮಾರುಕಟ್ಟೆಗೆ ಬಂದಿತು. ಮುಂದೆ ಅದೇ ಕಂಪ್ಯೂಟರಿನ ದಾಖಲೆ ಸಂಗ್ರಹಕ್ಕೂ ಒದಗಿತು. ಒಂದು ಸಿ.ಡಿ.ಯಲ್ಲಿ ಸುಮಾರು 700 ಮೆಗಾಬೈಟ್, ಸಾಮಾನ್ಯ ಡಿವಿಡಿಯಲ್ಲಿ 4.7 ಗಿಗಾಬೈಟ್ ದಾಖಲೆ ಹಿಡಿಯುತ್ತದೆ. 64 ಗಿಗಾಬೈಟಿನ ಒಂದು ಪೆನ್ ಡ್ರೈವ್ ಇಂತಹ 13 ಡಿವಿಡಿಗಳಿಗೆ ಸಮ.

2008ರಲ್ಲಿ ಆಪಲ್ ಸಂಸ್ಥೆ ತನ್ನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪನ್ನು ಡಿಸ್ಕ್ ಡ್ರೈವ್ ಇಲ್ಲದೆಯೇ ಹೊರತಂದಿತು. 2011ರಲ್ಲಿ ಇಂಟೆಲ್ ಸಂಸ್ಥೆ ಅಲ್ಟ್ರಾಬುಕ್ ಎಂಬ ತೆಳುವಾದ ಲ್ಯಾಪ್‌ಟಾಪ್‌ಗಳ ವರ್ಗವನ್ನು ಪ್ರಚುರಪಡಿಸಿದ ಮೇಲೆ ಇತರ ತಯಾರಕರೂ ಅದೇ ದಾರಿ ಹಿಡಿದರು. ಕಾರಣಗಳು ಸ್ಪಷ್ಟ. ಲ್ಯಾಪ್‌ಟಾಪಿನೊಳಗಿನ ಡ್ರೈವ್ 9.5ರಿಂದ 12.7 ಮಿಲಿಮೀಟರ್ ದಪ್ಪವಿರುತ್ತದೆ. ಇಂದಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಒಟ್ಟು ದಪ್ಪವೇ 20 ಮಿಲಿಮೀಟರ್ ಮುಟ್ಟುವುದಿಲ್ಲ. ಆ ಜಾಗವನ್ನು ಬ್ಯಾಟರಿಗೆ ಕೊಟ್ಟರೆ ಯಂತ್ರ ಹೆಚ್ಚು ಹೊತ್ತು ನಡೆಯುತ್ತದೆ. ಅಲ್ಲದೆ ತಿರುಗುವ ಭಾಗಗಳಿರುವ ಡ್ರೈವ್ ಧೂಳಿಗೂ ಅಲುಗಾಟಕ್ಕೂ ಬೇಗ ಕೆಡುತ್ತದೆ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಉದ್ಯಮಿಗೆ ಹಗುರವಾದ ಯಂತ್ರವೇ ಅನುಕೂಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಡಿಸ್ಕ್ ತಯಾರಿಕೆಯ ಉದ್ಯಮವೂ ಕುಗ್ಗಿದೆ. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರ ಸಾಲಿನಲ್ಲಿದ್ದ ನಮ್ಮ ದೇಶದ ಮೋಸರ್ ಬೇರ್ ಕಂಪನಿಯನ್ನು ಸಮಾಪನಗೊಳಿಸಲು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ 2018ರಲ್ಲಿ ಆದೇಶಿಸಿತು. ದಾಖಲೆ ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಬೇಡಿಕೆ ಕುಸಿದ ಸರಕಿನ ಯಂತ್ರಭಾಗಗಳೂ ದುರಸ್ತಿಯೂ ದಿನೇ ದಿನೇ ದುರ್ಲಭವಾಗುವುದನ್ನು ವ್ಯಾಪಾರಿಗಳಾದ ತಾವು ಚೆನ್ನಾಗಿ ಬಲ್ಲಿರಿ.

ನಮ್ಮ ಕಪಾಟುಗಳಲ್ಲಿ ಏನಿದೆ?

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ನಂತರದ ದಶಕದಲ್ಲಿ ಸಣ್ಣ ಪೇಟೆಗಳ ವ್ಯವಹಾರದ ಲೆಕ್ಕವು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಸಾಗಿತು. ಬೆಂಗಳೂರಿನ ಸಂಸ್ಥೆಯೇ ರೂಪಿಸಿದ ಟ್ಯಾಲಿ ತಂತ್ರಾಂಶ ಮನೆಮಾತಾಯಿತು. ವರ್ಷದ ಕೊನೆಯಲ್ಲಿ ಲೆಕ್ಕದ ಪ್ರತಿಯನ್ನು ಸಿ.ಡಿ.ಗೆ ಇಳಿಸಿ, ಮೇಲೆ ವರ್ಷ ಬರೆದು ಇಡುವುದು ಆ ಕಾಲದ ಒಳ್ಳೆಯ ಪದ್ಧತಿಯಾಗಿತ್ತು. ಮೂಲದಲ್ಲಿ ತೆರಿಗೆ ಕಡಿತದ ವಿವರಪಟ್ಟಿಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸುವ ಯೋಜನೆ 2003ರಲ್ಲಿ ಬಂದಾಗ, ಫ್ಲಾಪಿ ಇಲ್ಲವೇ ಸಿ.ಡಿ.ಯ ಜೊತೆಗೆ 27ಎ ನಮೂನೆಯನ್ನು ಕಾಗದದಲ್ಲಿ ಲಗತ್ತಿಸಿ ಕೊಡಲಾಗುತ್ತಿತ್ತು.

ತಯಾರಿಕಾ ಘಟಕಗಳ ಕಪಾಟಿನಲ್ಲಿ ಇನ್ನೂ ಕೆಲವು ಬಗೆಗಳಿರುತ್ತವೆ. ಬೆಮೆಲ್‌ನಂತಹ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಒದಗಿಸುವ ಘಟಕದಲ್ಲಿ ನಕ್ಷೆಗಳು, ತಪಾಸಣಾ ವರದಿಗಳು, ಸಿಎನ್‌ಸಿ ಯಂತ್ರದ ಕೈಪಿಡಿ ಮತ್ತು ಅದರ ತಂತ್ರಾಂಶ ಡಿಸ್ಕ್‌ನಲ್ಲಿರಬಹುದು. ಅಕ್ಕಿ ಗಿರಣಿಯಲ್ಲಿ ವೇಬ್ರಿಡ್ಜ್‌ನ ತಂತ್ರಾಂಶವಿರಬಹುದು. ಯಂತ್ರ ಇನ್ನೂ ದುಡಿಯುತ್ತಿದ್ದು ಅದರ ತಂತ್ರಾಂಶದ ಡಿಸ್ಕ್ ಮಾತ್ರ ಓದಲು ಬಾರದಂತಾದರೆ, ಒಂದು ದಿನ ಕಂಪ್ಯೂಟರ್ ಕೆಟ್ಟಾಗ ಲಕ್ಷಾಂತರ ರೂಪಾಯಿಯ ಯಂತ್ರವೂ ಸುಮ್ಮನೆ ನಿಲ್ಲಬೇಕಾಗುತ್ತದೆ.

ಕಾನೂನಿನ ನಿಲುವು

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮಿನ ಪ್ರಕಾರ, ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. 2021-22ನೇ ಸಾಲಿಗೆ ಆ ಕೊನೆಯ ದಿನ 2022ರ ಡಿಸೆಂಬರ್ 31. ಆದುದರಿಂದ ಅದರ ದಾಖಲೆಗಳು 2028ರ ಡಿಸೆಂಬರ್ 31ರವರೆಗೆ ಇರಲೇಬೇಕು. ಮೇಲ್ಮನವಿ ನಡೆಯುತ್ತಿದ್ದರೆ, ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನು ಅಂತಿಮ ತೀರ್ಮಾನದ ನಂತರ ಒಂದು ವರ್ಷದವರೆಗೆ ಅಥವಾ ಮೇಲಿನ 72 ತಿಂಗಳವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಇಡತಕ್ಕದ್ದು. ಕಂಪನಿಯಾಗಿ ನೋಂದಾಯಿಸಿದವರಿಗೆ 2013ರ ಕಂಪನಿ ಕಾಯಿದೆಯ 128ನೇ ಕಲಮು ಎಂಟು ಹಣಕಾಸು ವರ್ಷಗಳ ಅವಧಿಯನ್ನು ವಿಧಿಸುತ್ತದೆ. ಜೊತೆಗೆ, ಕಂಪನಿಗಳು ವಿದ್ಯುನ್ಮಾನ ಲೆಕ್ಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಯಿತು. ವರ್ಷಕ್ಕೊಮ್ಮೆ ಡಿಸ್ಕ್ ಬರೆದಿಡುವ ಪದ್ಧತಿ ಅವರಿಗೆ ಸಾಲದು.

ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು ಸರಕು ಮತ್ತು ಸೇವಾ ತೆರಿಗೆಯ 57ನೇ ನಿಯಮ. ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕು. ಅಧಿಕಾರಿ ಕೇಳಿದಾಗ ಕಾಗದದಲ್ಲಾಗಲಿ, ವಿದ್ಯುನ್ಮಾನವಾಗಿ ಓದಬಲ್ಲ ರೂಪದಲ್ಲಾಗಲಿ ಒದಗಿಸಬೇಕು ಎಂದು ಅದು ಹೇಳುತ್ತದೆ. "ಓದಬಲ್ಲ" ಎಂಬ ಪದವನ್ನು ಗಮನಿಸಿರಿ. ಡಿಸ್ಕ್ ಇದೆ, ಓದುವ ಡ್ರೈವ್ ಇಲ್ಲ ಎಂದರೆ ದಾಖಲೆ ಇಲ್ಲವೆಂದೇ ಅರ್ಥ. ಇನ್‌ಪುಟ್ ತೆರಿಗೆ ಜಮೆಗೆ ತಾನು ಅರ್ಹನೆಂದು ರುಜುವಾತುಪಡಿಸುವ ಹೊಣೆಯನ್ನು 155ನೇ ಕಲಮು ತೆರಿಗೆದಾರನ ಮೇಲೆಯೇ ಹೊರಿಸಿದೆ. ದಾಖಲೆ ತೋರಿಸಲಾಗದಿದ್ದರೆ ಜಮೆಯೂ ಹೋಗುತ್ತದೆ, ಬಡ್ಡಿಯೂ ದಂಡವೂ ಸೇರುತ್ತವೆ.

ಅವಧಿ ಮೀರಿದ ಡಿಸ್ಕ್‌ಗಳನ್ನು ಎಸೆಯಬಹುದೇ ಎಂದು ಕೇಳಬಹುದು. ಆತುರಪಡಬಾರದು. 2006ರಲ್ಲಿ ಗೋದಾಮು ಕಟ್ಟಿಸಿದ ಖರ್ಚಿನ ವಿವರ, ಅದನ್ನು ಮಾರುವ ದಿನ ಬಂಡವಾಳ ಲಾಭವನ್ನು ಲೆಕ್ಕ ಹಾಕುವಾಗ ಬೇಕಾಗುತ್ತದೆ. ಆ ಖರ್ಚಿಗೆ ಆಧಾರವಿಲ್ಲದಿದ್ದರೆ ಲಾಭ ಹೆಚ್ಚಾಗಿ ಕಾಣಿಸಿ, ತೆರಿಗೆಯೂ ಹೆಚ್ಚುತ್ತದೆ. ಪಾಲುದಾರಿಕೆಯ ವಿಸರ್ಜನೆ, ಅಣ್ಣತಮ್ಮಂದಿರ ಆಸ್ತಿ ವಿಭಾಗ, ಹಳೆಯ ಬಾಕಿಯ ದಾವೆ ಇವುಗಳಲ್ಲಿಯೂ ಹಳೆಯ ಖಾತೆಯೇ ಸಾಕ್ಷಿ.

ಡಿಸ್ಕ್‌ನ ಗುಣದೋಷಗಳು

ಒಂದು ಸಲ ಬರೆದು ಮುಗಿಸಿದ ಸಿ.ಡಿ.ಯ ದಾಖಲೆಯನ್ನು ಆಮೇಲೆ ತಿದ್ದಲಾಗದು. ಕಂಪ್ಯೂಟರಿನ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳು, 2017ರಲ್ಲಿ ಹಬ್ಬಿದ ವಾನಾಕ್ರೈಯಂತಹವು, ಕಪಾಟಿನಲ್ಲಿರುವ ಡಿಸ್ಕ್ ಅನ್ನು ಮುಟ್ಟಲಾರವು. ಇದು ಸಣ್ಣ ಗುಣವಲ್ಲ. ಆದರೆ ಬರೆಯಬಲ್ಲ ಡಿಸ್ಕ್‌ನಲ್ಲಿ ದಾಖಲೆಯನ್ನು ಹಿಡಿದಿಡುವುದು ಒಂದು ಬಣ್ಣದ ಲೇಪ; ಬಿಸಿಲು, ಸೆಕೆ, ತೇವಗಳಿಂದ ಅದು ಕ್ರಮೇಣ ಮಾಸುತ್ತದೆ. ಸಿ.ಡಿ.ಯ ಹೆಸರು ಬರೆಯುವ ಮೇಲ್ಮೈಯ ಕೆಳಗೇ ಪ್ರತಿಫಲನದ ಪದರವಿರುವುದರಿಂದ ಆ ಕಡೆಯ ಗೀರು, ಬಾಲ್‌ಪೆನ್ನಿನ ಒತ್ತು ಹೆಚ್ಚು ಅಪಾಯಕಾರಿ. ಹತ್ತು ಹದಿನೈದು ವರ್ಷ ತಗಡಿನ ಮಾಡಿನ ಕೆಳಗೆ ಇದ್ದ ಡಿಸ್ಕ್ ಇಂದು ತೆರೆದೀತು, ಇನ್ನೆರಡು ವರ್ಷಕ್ಕೆ ತೆರೆಯದಿದ್ದೀತು.

ಹಾಗಾದರೆ ಏನು ಕೊಳ್ಳಬೇಕು?

ಒಳಗೇ ಡ್ರೈವ್ ಇರುವ ಲ್ಯಾಪ್‌ಟಾಪನ್ನೇ ಹುಡುಕುತ್ತಾ ಹಳೆಯ ಮಾದರಿಗೆ ಹಣ ಸುರಿಯುವುದು ಬೇಡ. ಲ್ಯಾಪ್‌ಟಾಪನ್ನು ಅದರ ವೇಗ, ಬ್ಯಾಟರಿ, ಸೇವಾ ಸೌಲಭ್ಯ ನೋಡಿ ಆರಿಸಿಕೊಳ್ಳಿರಿ. ಪ್ರತ್ಯೇಕವಾಗಿ ಒಂದೆರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುವ ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಇಡೀ ಕಚೇರಿಗೆ ಕೊಂಡರೆ ಸಾಕು. ನೆರೆಯ ಇಬ್ಬರು ಮೂವರು ವ್ಯಾಪಾರಿಗಳು ಸೇರಿ ಕೊಂಡರೂ ನಡೆಯುತ್ತದೆ. ಕೊಳ್ಳುವಾಗ ತಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಅದು ಹೊಂದುವುದೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಿರಿ.

ಸಾಗಾಟದ ಕ್ರಮ

1. ಎಲ್ಲ ಡಿಸ್ಕ್‌ಗಳನ್ನೂ ಹೊರತೆಗೆದು ವರ್ಷ, ವಿಷಯ, ಸ್ಥಿತಿಗಳ ಪಟ್ಟಿ ಮಾಡಿರಿ. ವ್ಯಾಜ್ಯದಲ್ಲಿರುವ ವರ್ಷಗಳಿಗೆ ಮೊದಲ ಸ್ಥಾನ.

2. ಒಂದೊಂದಾಗಿ ಕಂಪ್ಯೂಟರಿಗೆ ನಕಲಿಸಿರಿ. ಒಂದು ಡ್ರೈವ್ ಓದದ ಡಿಸ್ಕ್ ಅನ್ನು ಮತ್ತೊಂದು ಓದುವುದುಂಟು; ಕೂಡಲೇ ಕೈಬಿಡಬೇಡಿರಿ.

3. ನಕಲಾದ ಲೆಕ್ಕವನ್ನು ತಂತ್ರಾಂಶದಲ್ಲಿ ತೆರೆದು ನೋಡಿರಿ. ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸ ಆವೃತ್ತಿಗೆ ಪರಿವರ್ತಿಸಬೇಕಾದೀತು. ತೆರೆದ ಮೇಲೆ ದಿನವಹಿ, ಖಾತೆಗಳು, ತಾಳೆಪಟ್ಟಿ, ಆಸ್ತಿ-ಜವಾಬ್ದಾರಿ ಪಟ್ಟಿಗಳನ್ನು ಪಿಡಿಎಫ್ ರೂಪದಲ್ಲಿ ಉಳಿಸಿರಿ. ಮುಂದೆ ಆ ತಂತ್ರಾಂಶವೇ ಇಲ್ಲದಿದ್ದರೂ ಅವನ್ನು ಓದಬಹುದು.

4. ಯಂತ್ರಗಳ ತಂತ್ರಾಂಶದ ಡಿಸ್ಕ್‌ಗಳನ್ನು ಐಎಸ್‌ಒ ಎಂಬ ಇಡಿಯಾದ ನಕಲಿನ ಕಡತವಾಗಿ ಇಳಿಸಿರಿ. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳು ಅದನ್ನು ಡ್ರೈವ್ ಇಲ್ಲದೆಯೂ ತೆರೆಯುತ್ತವೆ.

5. ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಅಂಗಡಿಯ ಹೊರಗಿರಲಿ. ಹಾರ್ಡ್ ಡಿಸ್ಕ್‌ನಲ್ಲಿರುವ ಒಂದು ಪ್ರತಿಯನ್ನು ಕೆಲಸ ಮುಗಿದೊಡನೆ ಕಂಪ್ಯೂಟರಿನಿಂದ ಬಿಡಿಸಿ ಇಡಿರಿ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿರಿ.

6. ನ್ಯಾಯಾಲಯದಲ್ಲಿ ಬೇಕಾಗಬಹುದಾದ ಮೂಲ ಡಿಸ್ಕ್ ಅನ್ನು ನಾಶಮಾಡಕೂಡದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯಲ್ಲಿ ಸಿ.ಡಿ., ಡಿವಿಡಿಗಳ ಉಲ್ಲೇಖವೂ ಇದೆ. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ಅಲ್ಲಿ ನಮೂದಿಸಬೇಕು. ಈ ವಿಷಯದಲ್ಲಿ ತಮ್ಮ ವಕೀಲರ ಸಲಹೆ ಪಡೆಯಿರಿ.

7. ಬೇಡವಾದ ಡಿಸ್ಕ್ ಅನ್ನು ತುಂಡರಿಸಿಯೇ ಎಸೆಯಿರಿ. ಅದರಲ್ಲಿ ತಮ್ಮ ಮತ್ತು ಗಿರಾಕಿಗಳ ಪ್ಯಾನ್, ಬ್ಯಾಂಕ್ ಖಾತೆಯ ವಿವರಗಳಿರುತ್ತವೆ.

ಉಪಸಂಹಾರ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದು ಬಂದಾಗ ಉಗಿಯಂತ್ರಗಳು ಕ್ರಮೇಣ ಹಿಂದೆ ಸರಿದವು. ಚಿನ್ನ ತೆಗೆಯುವ ಕೆಲಸ ಮಾತ್ರ ಮುಂದುವರಿಯಿತು. ಸಿ.ಡಿ. ಡ್ರೈವ್‌ನ ಕಥೆಯೂ ಅಷ್ಟೇ. ಲ್ಯಾಪ್‌ಟಾಪಿನೊಳಗೆ ಅದು ಇರಬೇಕಾದ ಅಗತ್ಯ ಇನ್ನಿಲ್ಲ. ಆದರೆ ಓದುವ ಸಾಧನ ಅಗ್ಗವಾಗಿ ದೊರೆಯುತ್ತಿರುವಾಗಲೇ, ಡಿಸ್ಕ್‌ನ ಲೇಪ ಮಾಸುವ ಮೊದಲೇ, ದಾಖಲೆಗಳನ್ನು ಹೊರತೆಗೆದುಕೊಳ್ಳಬೇಕು. ಈ ಕೆಲಸಕ್ಕೆ ಸಾಮಾನ್ಯ ಅಂಗಡಿಗೆ ಒಂದೆರಡು ಭಾನುವಾರಗಳು ಸಾಕು. ಮುಂದಿನ ರಿಟರ್ನ್‌ಗಳ ಗಡಿಬಿಡಿ ಆರಂಭವಾಗುವ ಮುನ್ನ ಸದಸ್ಯ ಬಂಧುಗಳು ಇದನ್ನು ಕೈಗೆತ್ತಿಕೊಳ್ಳುವುದು ಶ್ರೇಯಸ್ಕರ.