ಕಣ್ಣು ಹಳದಿಯಾಗದ ಕಾಮಾಲೆ

ಮಗುವಿನ ಕಣ್ಣು ಹಳದಿಯಾದರೆ ಮಾತ್ರ ಯಕೃತ್ತಿನ ರೋಗವೆಂದು ಗಾಬರಿಗೊಂಡು, ಕಣ್ಣು ತಿಳಿಯಾದೊಡನೆ ರೋಗ ಹೋಯಿತೆಂದು ಸುಮ್ಮನಾಗುವ ಪೋಷಕರು ಹೆಪಟೈಟಿಸ್ ಬಿ ವೈರಾಣುವಿನ ವಿಷಯದಲ್ಲಿ ಎಡವುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗುಲಿದ, ಲಸಿಕೆ ಸಿಗದ ಶಿಶುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ದೀರ್ಘಕಾಲಿಕವಾಗುತ್ತದೆ, ಅಂದರೆ ಆರು ತಿಂಗಳು ಮೀರಿ ಉಳಿಯುತ್ತದೆ. ದೊಡ್ಡವರಲ್ಲಿ ಈ ಪ್ರಮಾಣ ನೂರಕ್ಕೆ 5ಕ್ಕೂ ಕಡಿಮೆ. ಎಳೆಯ ದೇಹದ ರೋಗನಿರೋಧಕ ವ್ಯವಸ್ಥೆ ವೈರಾಣುವನ್ನು ಸಹಿಸಿಕೊಳ್ಳುವುದರಿಂದ, ರಕ್ತದಲ್ಲಿ ವೈರಾಣು ತುಂಬಿದ್ದರೂ ಮಗು ಆಡಿಕೊಂಡು ಶಾಲೆಗೆ ಹೋಗುತ್ತಿರುತ್ತದೆ. ವರ್ಷಗಳ ನಂತರ, ಹಲವರಲ್ಲಿ ಹರೆಯ ದಾಟಿದ ಮೇಲೆ, ಅದೇ ವ್ಯವಸ್ಥೆ ಎಚ್ಚೆತ್ತು ಸೋಂಕಿತ ಜೀವಕೋಶಗಳ ಮೇಲೆ ಎರಗಿದಾಗ ಉಂಟಾಗುವ ಉರಿಯೂತವು ಕೆಲವರಲ್ಲಿ ತಣಿದರೆ, ಕೆಲವರಲ್ಲಿ ಯಕೃತ್ತು ಗಾಯಗಟ್ಟಿ ಗಡುಸಾಗುವ ಸಿರೋಸಿಸ್‌ಗೆ ಅಥವಾ ಕ್ಯಾನ್ಸರಿಗೆ ಎಡೆಮಾಡುತ್ತದೆ.

ಆದ್ದರಿಂದ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಗರ್ಭಿಣಿಯರು ಈ ಸೋಂಕಿನ ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಹೆರಿಗೆ ಎಲ್ಲಿಯೇ ಆಗಲಿ, 24 ಗಂಟೆಯೊಳಗೆ ಮಗುವಿಗೆ ಮೊದಲ ಲಸಿಕೆಯನ್ನೂ, 6, 10 ಮತ್ತು 14ನೆಯ ವಾರಗಳಲ್ಲಿ ಅದನ್ನೂ ಒಳಗೊಂಡ ಪೆಂಟಾವಲೆಂಟ್ ಲಸಿಕೆಯನ್ನೂ ಹಾಕಿಸಬೇಕು. ಸೋಂಕಿರುವ ಮಗುವನ್ನು, ಅದೆಷ್ಟೇ ಗೆಲುವಾಗಿರಲಿ, ವೈದ್ಯರು ಹೇಳಿದ ಅವಧಿಗೊಮ್ಮೆ ಹಾಸನದ ವೈದ್ಯಕೀಯ ಕಾಲೇಜಿನಂಥ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಮಾಲೆಗೆಂದು ಕೊಡುವ ಸೊಪ್ಪಿನ ರಸ ವೈರಾಣುವನ್ನು ತೆಗೆಯುವುದಿಲ್ಲ. ಕೆಲವು ಸೊಪ್ಪುಗಳು ಯಕೃತ್ತಿಗೇ ಹಾನಿ ಮಾಡಬಲ್ಲವು. ಇನ್ನು, ಅಂಥ ಮಗುವಿಗೆ ಬೇರೆ ತಟ್ಟೆ ಇಡುವ ಕ್ರೌರ್ಯ ಯಾವ ಮನೆಗೂ ಬೇಡ: ಜೊತೆಯಲ್ಲಿ ಉಣ್ಣುವುದರಿಂದ, ಎತ್ತಿ ಮುದ್ದಾಡುವುದರಿಂದ ಈ ಸೋಂಕು ಹರಡುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಪ್ರತ್ಯೇಕವಾಗಿದ್ದು, ಮನೆಯ ಉಳಿದವರೆಲ್ಲ ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಪಡೆದಿದ್ದರೆ ಸಾಕು.