ಅಗ್ನಿಶಾಮಕರ ಕೋಟು: ಕೊಳ್ಳುವಾಗ, ಒಗೆಯುವಾಗ

ಮಂಡ್ಯದ ಕಡೆ ಬೇಸಿಗೆ ಬಂತೆಂದರೆ ಅಗ್ನಿಶಾಮಕ ಠಾಣೆಯವರಿಗೆ ಊಟದ ಹೊತ್ತು ಅಂತ ಒಂದಿರುವುದಿಲ್ಲ. ಕಟಾವಾದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಹಚ್ಚಿದ ಬೆಂಕಿ ಪಕ್ಕದವರ ಬೆಳೆಗೆ ಹಾರುತ್ತದೆ. ಹುಲ್ಲು ಹೇರಿದ ಲಾರಿ ಕರೆಂಟ್ ತಂತಿಗೆ ತಾಗುತ್ತದೆ. ಮದ್ದೂರಿನ ಸರಹದ್ದಿನಲ್ಲಾದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೊತ್ತಿಕೊಂಡ ಕಾರು, ಮಳವಳ್ಳಿ ಕಡೆ ಮುತ್ತತ್ತಿಯ ಕುರುಚಲು ಕಾಡು. ಎಲ್ಲವೂ ಬೆಂಕಿಯೇ, ಆದರೆ ಒಂದೇ ಕೋಟು ಎಲ್ಲಕ್ಕೂ ಒಗ್ಗುವುದಿಲ್ಲ. ಕೊಳ್ಳುವವರು ಮೊದಲು ಎಡವುವುದು ಇಲ್ಲೇ.

ಯಾವ ಬೆಂಕಿಗೆ ಯಾವ ಬಟ್ಟೆ

ಮನೆ, ಗೋದಾಮು, ಕಾರ್ಖಾನೆ, ವಾಹನದ ಬೆಂಕಿಗೆ ಮೂರು ಪದರದ ಕೋಟು–ಪ್ಯಾಂಟೇ ಬೇಕು. ಹೊರಪದರ ನೋಮೆಕ್ಸ್‌ನಂಥ ಅರಾಮಿಡ್ ನೂಲಿನದು. ಉರಿ ತಗುಲಿದರೆ ಕರಕಲಾದೀತೇ ಹೊರತು ಕರಗಿ ಮೈಗೆ ಅಂಟುವುದಿಲ್ಲ. ನಡುವಿನದು ನೀರು ತಡೆದು ಬೆವರಿನ ಆವಿಯನ್ನು ಹೊರಬಿಡುವ ತೆಳು ಪೊರೆ. ಒಳಗಿನದು ಶಾಖ ತಡೆಯುವ ಪದರ. ಚೀಟಿಯ ಮೇಲೆ ಭಾರತೀಯ ಮಾನದಂಡ ಐಎಸ್ 16890 ಇದೆಯೇ ನೋಡಿ. ಯುರೋಪಿನ ಮಾಲಾದರೆ ಇಎನ್ 469. ಬಟ್ಟೆ ದಪ್ಪವಿದ್ದರೆ ಸಾಕು ಎನ್ನುವವರಿಗೆ ಒಂದು ಕಂಬಳಿ ಕೊಡಿಸಿದರಾಯಿತು.

ಕಾಡು, ಕಬ್ಬಿನ ಗದ್ದೆಯ ಲೆಕ್ಕವೇ ಬೇರೆ. ಅಲ್ಲಿ ಗಂಟೆಗಟ್ಟಲೆ ಓಡಾಟ. ಏಪ್ರಿಲ್ ಬಿಸಿಲಲ್ಲಿ ಮೂರು ಪದರ ತೊಟ್ಟು ನಿಂತವನನ್ನು ಬೆಂಕಿಗಿಂತ ಮೊದಲು ಸೆಕೆಯೇ ಕೆಡವುತ್ತದೆ. ಬೆಂಕಿ ಹಿಡಿಯದಂತೆ ಸಂಸ್ಕರಿಸಿದ ಹತ್ತಿಯದೋ ಅರಾಮಿಡ್‌ನದೋ ಒಂದೇ ಪದರದ ಹಗುರ ಉಡುಪು ಇಲ್ಲಿ ಲೇಸು.

ಇನ್ನು ಅಳತೆ. ತೊಟ್ಟುಕೊಂಡೇ ನೋಡಿ. ಎರಡೂ ಕೈ ಮೇಲೆತ್ತಿ, ಆಮೇಲೆ ಮೊಣಕಾಲೂರಿ ಬಗ್ಗಿ. ಸೊಂಟದಲ್ಲಿ ಪ್ಯಾಂಟಿನ ಮೇಲೆ ಕೋಟು ಕನಿಷ್ಠ ಎರಡು ಇಂಚು ಇಳಿದಿರಬೇಕು, ತೋಳಿಗೂ ಗ್ಲೌಸಿಗೂ ನಡುವೆ ಮಣಿಕಟ್ಟು ಕಾಣಬಾರದು. ಬಿಗಿಯಾದ ಕೋಟು ಚೆಂದ ಕಂಡೀತು, ಆದರೆ ಪದರಗಳ ನಡುವೆ ನಿಲ್ಲುವ ಗಾಳಿಯೇ ಅರ್ಧ ರಕ್ಷಣೆ. ಒತ್ತಿ ಹಿಡಿದ ಕಡೆ ಶಾಖ ನೇರ ಚರ್ಮಕ್ಕಿಳಿಯುತ್ತದೆ.

ಸಾವಿರಾರು ರೂಪಾಯಿಯ ಕೋಟಿನೊಳಗೆ ಟೆರಿಕಾಟ್ ಅಂಗಿಯನ್ನೋ ಪಾಲಿಯೆಸ್ಟರ್ ಟೀ ಶರ್ಟನ್ನೋ ತೊಟ್ಟರೆ ದುಡ್ಡೆಲ್ಲ ದಂಡ. ಪಾಲಿಯೆಸ್ಟರ್ 250–260 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿ ಚರ್ಮ ಕಚ್ಚಿಕೊಳ್ಳುತ್ತದೆ. ಒಳಗೆ ಹತ್ತಿಯದೇ ಇರಲಿ. ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವವರಿಗೂ ಇದೇ ಮಾತು: ತುಂಬುತೋಳಿನ ದಪ್ಪ ಹತ್ತಿ ಅಂಗಿ, ಚರ್ಮದ ಬೂಟು. ನೈಲಾನ್ ಪಂಚೆ, ರಬ್ಬರ್ ಚಪ್ಪಲಿ ಬೇಡ. ನೆನೆಸಿದ ಗೋಣಿಚೀಲದಿಂದ ಗದ್ದೆಯ ಕಿಚ್ಚನ್ನು ಬಡಿಯುವುದು ನಮ್ಮಲ್ಲಿ ಹಳೆಯ ರೂಢಿ. ಬಡಿಯುವುದು ಸರಿ, ಅದನ್ನೇ ಮೈಗೆ ಸುತ್ತಿಕೊಂಡು ಉರಿಯೊಳಗೆ ನುಗ್ಗಬೇಡಿ. ಚೀಲದ ನೀರು ಕಾದು ಆವಿಯಾದರೆ ಮೈ ಕಡುಬಿನ ಹಾಗೆ ಬೇಯುತ್ತದೆ. 112ಕ್ಕೋ 101ಕ್ಕೋ ಫೋನ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಹಿಂದೆ ಸರಿಯಿರಿ.

ಮಸಿ ತೊಳೆಯುವ ಕ್ರಮ

ಕಪ್ಪಾದ ಕೋಟು ಹಳೆಯ ಕೈಯ ಹೆಮ್ಮೆ ಎಂದು ತಿಳಿದವರು ಇನ್ನೂ ಇದ್ದಾರೆ. ಆ ಮಸಿಯಲ್ಲಿ ಪ್ಲಾಸ್ಟಿಕ್, ಟೈರು, ಡೀಸೆಲ್ ಸುಟ್ಟ ವಿಷವಿರುತ್ತದೆ. ಅಗ್ನಿಶಾಮಕ ಕೆಲಸವೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಮೊದಲನೇ ಗುಂಪಿಗೆ ಸೇರಿಸಿದೆ. ಎಣ್ಣೆ ಹೀರಿದ ಮಸಿ ಬೇಗ ಬೆಂಕಿಯನ್ನೂ ಹಿಡಿಯುತ್ತದೆ.

ಬೆಂಕಿ ಆರಿದ ಜಾಗದಲ್ಲೇ ಬ್ರಷ್ಷಿನಿಂದ ಒಣ ಬೂದಿ ಕೊಡವಿ, ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ತೊಳೆಯಿರಿ. ಚೀಲಕ್ಕೆ ಹಾಕಿ ಕಟ್ಟಿ ಠಾಣೆಗೆ ಒಯ್ಯಿರಿ. ಮನೆಗೆ ತಂದು ಮಕ್ಕಳ ಯೂನಿಫಾರ್ಮ್ ಜೊತೆ ಮೆಷಿನ್‌ಗೆ ಹಾಕುವುದು ಬೇಡವೇ ಬೇಡ, ವಿ.ಸಿ. ನಾಲೆಯಲ್ಲಿ ಜಾಲಿಸುವುದೂ, ಒಗೆಯುವ ಕಲ್ಲಿಗೆ ಬಡಿಯುವುದೂ ಬೇಡ. ಒಳಪದರ ಬಿಚ್ಚಿ ಬೇರೆ ಮಾಡಿ, ಜಿಪ್, ವೆಲ್ಕ್ರೋ ಮುಚ್ಚಿ, ಒಳಮಗ್ಗುಲು ಹೊರಗೆ ತಿರುಗಿಸಿ. ನೀರು ಉಗುರುಬೆಚ್ಚಗೆ, 40 ಡಿಗ್ರಿ ಮೀರದಿರಲಿ. ಸೌಮ್ಯವಾದ ದ್ರವ ಸೋಪು ಸಾಕು. ಬ್ಲೀಚಿಂಗ್ ಪೌಡರ್ ಬಿದ್ದರೆ ಅರಾಮಿಡ್ ನೂಲು ಸತ್ತಂತೆಯೇ. ಕಂಫರ್ಟ್‌ನಂಥದ್ದೂ ನಿಷಿದ್ಧ. ಬೋರ್‌ವೆಲ್‌ನ ಗಡಸು ನೀರಾದರೆ ಇನ್ನೊಂದು ಸಲ ಜಾಲಿಸಿ.

ಒಣಗಿಸುವುದು ನೆರಳಲ್ಲಿ, ಗಾಳಿಯಾಡುವಲ್ಲಿ. ತಾರಸಿಯ ಬಿಸಿಲು ಬೇಗ ಒಣಗಿಸುತ್ತದೆ ನಿಜ, ನೂಲಿನ ಬಲವನ್ನೂ ಅಷ್ಟೇ ಬೇಗ ಹೀರುತ್ತದೆ.

ಟಾರ್ಚು, ನೀರು, ಕತ್ತರಿ

ಆರು ತಿಂಗಳಿಗೊಮ್ಮೆ ಒಳಪದರವನ್ನು ಕತ್ತಲಲ್ಲಿ ಹಿಡಿದು ಒಳಗಿನಿಂದ ಟಾರ್ಚು ಬಿಡಿ. ಬೆಳಕು ಒಂದೇ ಸಮ ಕಾಣಬೇಕು. ಹೆಗಲು, ಮೊಣಕಾಲಿನ ಹತ್ತಿರ ಚುಕ್ಕೆಯಾಗಿ ಹೊಳೆದರೆ ಒಳಗಿನ ತುಂಬು ಸರಿದಿದೆ ಎಂದರ್ಥ. ನಡುವಿನ ಪೊರೆಯನ್ನು ಬೋಗುಣಿಯಂತೆ ಹಿಡಿದು, ಆರು ಲೋಟ ನೀರಿಗೆ ಒಂದು ಲೋಟ ಸ್ಪಿರಿಟ್ ಬೆರೆಸಿ ಸ್ವಲ್ಪ ಸುರಿಯಿರಿ. ಮೂರು ನಿಮಿಷ ಕಾಯಿರಿ. ತಳದಲ್ಲಿ ಒಂದು ಹನಿ ಮೂಡಿದರೂ ಆ ಪೊರೆ ಕೆಟ್ಟಿತು.

ಹರಿದದ್ದನ್ನು ಪೇಟೆಯ ಟೈಲರ್‌ಗೆ ಕೊಟ್ಟರೆ ಮಾಮೂಲಿ ಪಾಲಿಯೆಸ್ಟರ್ ದಾರ ಹಾಕಿ ಅಂದವಾಗಿಯೇ ಹೊಲಿದು ಕೊಡುತ್ತಾನೆ. ಉರಿಯೆದುರು ಆ ಹೊಲಿಗೆ ಮೊದಲು ಬಿಚ್ಚಿಕೊಳ್ಳುತ್ತದೆ. ಅರಾಮಿಡ್ ದಾರವನ್ನೇ ಕೇಳಿ, ಇಲ್ಲವೇ ತಯಾರಕರಿಗೆ ಕಳಿಸಿ.

ಅಮೆರಿಕದ ಎನ್‌ಎಫ್‌ಪಿಎ ಮಾನದಂಡ ಇಂಥ ಕೋಟಿಗೆ ಕೊಡುವ ಆಯುಷ್ಯ ತಯಾರಾದ ದಿನದಿಂದ 10 ವರ್ಷ, ಕೊಂಡ ದಿನದಿಂದಲ್ಲ. ಕಪಾಟಿನಲ್ಲಿ ಮಡಿಸಿಟ್ಟ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಅವಧಿ ಮುಗಿದದ್ದನ್ನು, ಇನ್ನೂ ಗಟ್ಟಿಮುಟ್ಟಾಗಿದೆಯಲ್ಲ ಎಂದು ಆಲೆಮನೆಗೋ ಹೋಂಗಾರ್ಡ್ ಹುಡುಗರಿಗೋ ದಾಟಿಸಬೇಡಿ. ಎರಡೂ ತೋಳು ಕತ್ತರಿಸಿಯೇ ಬಿಸಾಡಿ.